ವಿದ್ಯಾದಾನದ ಹೊಸ ಕ್ಷೇತ್ರ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ವಿಶೇಷವಿದೆ: ಎಷ್ಟು ಕೊಟ್ಟರೂ ಕೊಟ್ಟವನಲ್ಲಿ ಅದು ಕುಂದದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಗಣಕಯಂತ್ರದ ಲೋಕದಲ್ಲಿ ಈ ಭಾವಕ್ಕೆ ಸಮೀಪವಾದುದು ಮುಕ್ತ ತಂತ್ರಾಂಶ. ಅದರ ಮೂಲ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಸಾವಿರಾರು ಜನರ ಕೊಡುಗೆಯಿಂದ ಬೆಳೆದು ಇಂದು ಆಂಡ್ರಾಯ್ಡ್ ಫೋನುಗಳಿಗೂ ಆಧಾರವಾಗಿದೆ.

ಇಂಥ ಕಾರ್ಯದಲ್ಲಿ ಕೈಜೋಡಿಸಬಯಸುವವರಿಗೆ, ದಾನದ ವಿಷಯದಲ್ಲಿ ತತ್ತ್ವಾರ್ಥಸೂತ್ರವು ಹೇಳುವ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಅಂಶಗಳೇ ಒರೆಗಲ್ಲು.

ಮೊದಲನೆಯದು ವಿಧಿ. ಹೊಸಬನು ಅಲ್ಲಿನ ನಿಯಮಗಳನ್ನು ಓದಿ, ಸಣ್ಣ ದೋಷವೊಂದನ್ನು ತಿದ್ದಿ, ಹಿರಿಯರ ಪರಿಶೀಲನೆಗೆ ಒಪ್ಪಿಸಬೇಕು. ಪ್ರೋಗ್ರಾಂ ಬರೆಯಲಾರದವರು ಕೈಪಿಡಿಯನ್ನು ತಿದ್ದಬಹುದು. ತೆರೆಯ ಮೇಲಿನ ಪದಗಳನ್ನು ಕನ್ನಡಕ್ಕೆ ತರಬಹುದು. ತಿದ್ದುಪಡಿ ಮರಳಿ ಬಂದಾಗ ಕೆರಳುವುದು ಮಾನಕಷಾಯವೇ ಹೊರತು ದಾನಬುದ್ಧಿಯಲ್ಲ.

ಎರಡನೆಯದು ದ್ರವ್ಯ. ಕೊಡುವ ವಸ್ತು ನ್ಯಾಯಾರ್ಜಿತವಾಗಿರಬೇಕು. ಪರರ ಬರಹವನ್ನು ಅನುಮತಿಯಿಲ್ಲದೆ ತಂದು ಕೊಟ್ಟರೆ ಅಚೌರ್ಯಾಣುವ್ರತಕ್ಕೆ ಭಂಗ. 2004ರಿಂದ ಲಿನಕ್ಸ್‌ನಲ್ಲಿ, ಈ ಬರಹವನ್ನು ಕೊಡುವ ಹಕ್ಕು ತನಗಿದೆಯೆಂದು ಪ್ರತಿಯೊಬ್ಬ ದಾನಿಯೂ ಹೆಸರು ಹಾಕಿ ದೃಢೀಕರಿಸುವ ಪದ್ಧತಿ ಬಂದಿದೆ.

ಮೂರನೆಯದು ದಾತೃವಿನ ಭಾವ. ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಒಬ್ಬನೇ ದಣಿದು ನೋಡಿಕೊಳ್ಳುತ್ತಿದ್ದಾಗ, ಅಪರಿಚಿತನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ ವಿಶ್ವಾಸ ಗಳಿಸಿದ. ಬಳಿಕ ಅದರೊಳಗೆ ಕಳ್ಳದಾರಿಯನ್ನು ಅಡಗಿಸಿದ. ಕ್ರಿಯೆ ಸೇವೆಯಂತೆ ಕಂಡರೂ ಭಾವ ಮಾಯಾಚಾರದ್ದು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಕೇವಲ ಅರ್ಧ ಸೆಕೆಂಡಿನ ವಿಳಂಬವನ್ನು ಅಲಕ್ಷಿಸದೆ ಹುಡುಕಿ, ಅದನ್ನು ಬಯಲಿಗೆ ತಂದರು. ಅಪ್ರಮತ್ತತೆಗೆ ಇದಕ್ಕಿಂತ ನಿದರ್ಶನ ಬೇಕೆ?

ಕೊನೆಯದು ಪಾತ್ರ. ಸ್ವೀಕರಿಸುವವನಿಗೂ ಕರ್ತವ್ಯವಿದೆ. ಅಂತರ್ಜಾಲದ ವ್ಯವಹಾರಗಳನ್ನು ಗುಪ್ತವಾಗಿಡುವ ಓಪನ್ ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭಾರಿ ದೋಷ ಪತ್ತೆಯಾಯಿತು. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಅದನ್ನು ನೆಚ್ಚಿದ್ದವು. ಆದರೆ ಅದಕ್ಕೆ ಬರುತ್ತಿದ್ದ ದಾನ ವರ್ಷಕ್ಕೆ ಸುಮಾರು 2000 ಡಾಲರ್ ಮಾತ್ರ. ಉಚಿತವಾಗಿ ಪಡೆದದ್ದರ ಹಿಂದೆ ಯಾರದೋ ನಿದ್ರೆಗೆಟ್ಟ ದುಡಿಮೆಯಿದೆ ಎಂಬುದನ್ನು ಪಡೆದವರು ಮರೆತಿದ್ದರು.

ಇಂದು ಅಂಗಡಿಯ ಲೆಕ್ಕದಿಂದ ಬ್ಯಾಂಕಿನ ಪಾವತಿಯವರೆಗೆ ಮುಕ್ತ ತಂತ್ರಾಂಶದ ನೆರವು ಒಂದಿಲ್ಲೊಂದು ಬಗೆಯಲ್ಲಿ ಇದ್ದೇ ಇದೆ. ಅದರಿಂದ ಲಾಭ ಪಡೆಯುವ ಶ್ರಾವಕನು ತನ್ನ ಖಾತೆಯ ಋಣದ ಬದಿಯಲ್ಲಿ ಅದನ್ನೂ ಬರೆದುಕೊಳ್ಳಲಿ; ಧನದಿಂದಲೋ, ಭಾಷೆಯಿಂದಲೋ, ಶ್ರಮದಿಂದಲೋ ಯಥಾಶಕ್ತಿ ತೀರಿಸಲಿ.