ಟೇಪು ಹಿಡಿದು ಮೂರು ಊರು

ಬೇಸಿಗೆ ರಜೆ ಬಂತೆಂದರೆ ತುಮಕೂರಿನ ನಮ್ಮ ಬೀದಿಯಲ್ಲಿ ಸಂಜೆ 4 ಗಂಟೆಗೆ ಕ್ರಿಕೆಟ್ ಶುರು. ಎರಡೂ ಕಡೆ ಕಾಂಪೌಂಡು, ನಡುವೆ ಕಿರಿದಾದ ರಸ್ತೆ, ವಿಕೆಟ್ಟಿಗೆ ಒಂದು ಹಳೆಯ ಡಬ್ಬ. ಇಲ್ಲಿನ ಕಾನೂನು ಎರಡೇ. ಚೆಂಡು ಯಾರ ಮನೆಯ ಕಾಂಪೌಂಡು ದಾಟಿದರೂ ಔಟ್. ಒಂದು ಪುಟದ ಮೇಲೆ ಒಂಟಿ ಕೈಯಲ್ಲಿ ಹಿಡಿದರೂ ಔಟ್. ಏಳನೇ ತರಗತಿಯ ನನ್ನ ಮೊಮ್ಮಗಳು ಇಲ್ಲಿ ರಾಣಿ. ಅವಳ ನಿಧಾನದ ಆಫ್ ಸ್ಪಿನ್ನನ್ನು ಎತ್ತಿ ಹೊಡೆಯಲು ಯಾರಿಗೂ ಧೈರ್ಯವಿಲ್ಲ. ಎತ್ತಿದರೆ ಕಾಂಪೌಂಡು ದಾಟುತ್ತದಲ್ಲ!

ಮೇ ತಿಂಗಳ ಒಂದು ಭಾನುವಾರ ಮಕ್ಕಳೆಲ್ಲ ಊರಿನ ದೊಡ್ಡ ಮೈದಾನಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಅದೇ ಹುಡುಗರು, ಅದೇ ಬ್ಯಾಟು. ಮೊಮ್ಮಗಳ ಒಂದೇ ಓವರಿಗೆ ನಾಲ್ಕು ಸಿಕ್ಸರ್! ನಾಲ್ಕನೆಯದನ್ನು ಹೊಡೆದವನು ಅವಳ ತಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾತ್ರಿ ಊಟದ ಹೊತ್ತಿಗೆ ಅವಳು, "ತಾತ, ಶಾಲೆ ಶುರುವಾದ ಮೇಲೆ ತಂಡದ ಆಯ್ಕೆಗೆ ನಾನು ಹೋಗಲ್ಲ. ನನಗೆ ಬೌಲಿಂಗ್ ಬರಲ್ಲ" ಎಂದಳು. ನಾನು ನಕ್ಕದ್ದು ನನಗೇ ಮುಳ್ಳಿನಂತೆ ಚುಚ್ಚಿತು.

ಮರುದಿನ ಇಬ್ಬರನ್ನೂ ಕರೆದುಕೊಂಡು ಗುಬ್ಬಿಯ ಬಸ್ಸು ಹತ್ತಿದೆ. ಚೀಲದಲ್ಲಿ ಚಕ್ಕುಲಿ, ಟೆನಿಸ್ ಚೆಂಡು, ಮನೆ ಕಟ್ಟುವಾಗ ಕೊಂಡಿದ್ದ 100 ಅಡಿಯ ಟೇಪು.

ಗುಬ್ಬಿ ಎಂದರೆ ನಾಟಕದ ವೀರಣ್ಣನವರ ಊರು. ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು ಅವರು. "ಆನೆ ಬರಬೇಕಾದರೆ ರಂಗವೂ ದೊಡ್ಡದಾಗಬೇಕಲ್ಲ ತಾತ?" ಎಂದ ಮೊಮ್ಮಗ. ನನಗೆ ಬೇಕಾಗಿದ್ದ ಮಾತು ಅವನ ಬಾಯಿಂದಲೇ ಬಂತು.

ನಮ್ಮ ನೆಂಟರ ಮಕ್ಕಳು ಅಲ್ಲಿ ಆಡುವುದು ಒಣಗಿದ ಕೆರೆಯಂಗಳದಲ್ಲಿ. ಬೌಂಡರಿಯೇ ಇಲ್ಲ, ಓಡಿದಷ್ಟು ರನ್. ಟೇಪು ಹಿಡಿದು 22 ಗಜದ, ಅಂದರೆ 66 ಅಡಿಯ ಪಿಚ್ ಅಳೆದೆವು. ಅಕ್ಕನ ಚೆಂಡನ್ನು ತಮ್ಮ ಮತ್ತೆ ಎತ್ತಿ ಹೊಡೆದ. ಅದು ದೂರದಲ್ಲಿ ನಿಂತಿದ್ದ ಹುಡುಗನ ಕೈ ಸೇರಿತು. ಹಿಂದಿನ ದಿನದ ಸಿಕ್ಸರ್ ಇವತ್ತು ಕ್ಯಾಚ್!

ಮಕ್ಕಳೇ, ಹಿಂದಿನ ಕಾಲದ ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು. 1910ಕ್ಕೆ ಮೊದಲು ಅಲ್ಲಿ ಸಿಕ್ಸರ್ ಬೇಕೆಂದರೆ ಚೆಂಡು ಮೈದಾನದಿಂದಲೇ ಆಚೆ ಬೀಳಬೇಕಿತ್ತು. ಈಗಲೋ, ಆಟಗಾರರು ಬೇಲಿಗೆ ಬಡಿದುಕೊಳ್ಳಬಾರದೆಂದು ಬೌಂಡರಿಯ ಹಗ್ಗವನ್ನು ಒಳಕ್ಕೆ ಎಳೆದಿರುತ್ತಾರೆ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬೌಂಡರಿ ಮೊದಲೇ ಹತ್ತಿರ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತೆಳು, ಚೆಂಡು ಇನ್ನಷ್ಟು ದೂರ ಹಾರುತ್ತದೆ. 2013ರಲ್ಲಿ ಕ್ರಿಸ್ ಗೇಲ್ 66 ಎಸೆತಗಳಲ್ಲಿ 175 ರನ್ ಬಾರಿಸಿದ್ದು ಅಲ್ಲೇ.

ಮಂಗಳವಾರ ತುಮಕೂರಿಗೆ ಮರಳಿ, ಕುಣಿಗಲ್ ಬಸ್ಸು ಹಿಡಿದೆವು. ದಾರಿಯಲ್ಲಿ ಅಮೆರಿಕದ ಬೇಸ್‌ಬಾಲ್ ಕಥೆ ಹೇಳಿದೆ. 1968ರಲ್ಲಿ ಅಲ್ಲಿ ಚೆಂಡು ಎಸೆಯುವವರದೇ ರಾಜ್ಯ. ರನ್ನಿಗೆ ಬರಗಾಲ. ಮರುವರ್ಷ, ಎಸೆಯುವವನು ನಿಲ್ಲುವ ಮಣ್ಣಿನ ದಿಬ್ಬವನ್ನು 15 ಅಂಗುಲದಿಂದ 10 ಅಂಗುಲಕ್ಕೆ ಇಳಿಸಿದರು. ಅವನು ಚೆಂಡು ಹಾಕಬೇಕಾದ ಚೌಕವನ್ನೂ ಕಿರಿದು ಮಾಡಿದರು. ರನ್ ಏರಿತು. ಬಾಸ್ಟನ್ ನಗರದ ಮೈದಾನದ ಎಡಬದಿಯಲ್ಲಿ 37 ಅಡಿ ಎತ್ತರದ ಹಸಿರು ಗೋಡೆಯಿದೆ. ನೇರವಾಗಿ ಹಾರಿದ ಹೊಡೆತ ಗೋಡೆಗೆ ಬಡಿದು ಒಳಗೇ ಬೀಳುತ್ತದೆ. ಬೇರೆ ಊರಿನಲ್ಲಿ ಸುಲಭದ ಕ್ಯಾಚ್ ಆಗುವ ಎತ್ತರದ ಹೊಡೆತ ಅದೇ ಗೋಡೆಯನ್ನು ದಾಟಿಬಿಡುತ್ತದೆ.

"ನಮ್ಮ ಬೀದಿಯ ಕಾಂಪೌಂಡಿನ ದೊಡ್ಡಪ್ಪ!" ಎಂದಳು ಮೊಮ್ಮಗಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕುಣಿಗಲ್‌ನಲ್ಲಿ ದೊಡ್ಡ ಕೆರೆ ನೋಡಿ, ಕುದುರೆ ಫಾರಂ ಎಲ್ಲಿದೆಯೆಂದು ತೋರಿಸಿ, ಭಾವನ ತೆಂಗಿನ ತೋಟಕ್ಕೆ ಹೋದೆವು. ಅಲ್ಲಿ ಮರಗಳೇ ಫೀಲ್ಡರುಗಳು. ಮರಕ್ಕೆ ಬಡಿದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಔಟ್. ಇದೇನು ತಮಾಷೆ ಎನ್ನಬೇಡಿ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಬೌಂಡರಿಯ ಒಳಗೇ ಒಂದು ದೊಡ್ಡ ಮರವಿತ್ತು. ಅದಕ್ಕೆ ಚೆಂಡು ತಗುಲಿದರೆ 4 ರನ್. 2005ರ ಬಿರುಗಾಳಿಗೆ ಆ ಮರ ಉರುಳಿತು. ಬದಲಿಗೆ ಇನ್ನೊಂದನ್ನು ನೆಟ್ಟರು.

ತೋಟದಲ್ಲಿ ಮೊಮ್ಮಗ ಮೂರು ಸಲ ಔಟಾದ. "ಈ ಮರಗಳು ಮೋಸ" ಎಂದು ಮುಖ ಊದಿಸಿಕೊಂಡ. ಅಕ್ಕ ಅವನ ಬೆನ್ನು ತಟ್ಟಿದಳು. ಭಾನುವಾರ ಅವಳ ಬೆನ್ನು ತಟ್ಟುವವರು ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಸಂಜೆ ತುಮಕೂರಿನಲ್ಲಿ ಬಸ್ಸಿಳಿದು ಮನೆಯೊಳಗೂ ಹೋಗದೆ ಅವಳು ಟೇಪು ತೆಗೆದಳು. ನಮ್ಮ ಬೀದಿಯ ಪಿಚ್ ಎಷ್ಟಿತ್ತು ಗೊತ್ತೆ? 48 ಅಡಿ! ಬೀದಿಯಲ್ಲಿ ಬ್ಯಾಟಿನ ಬುಡಕ್ಕೆ ಬೀಳುತ್ತಿದ್ದ ಚೆಂಡು ದೊಡ್ಡ ಮೈದಾನದಲ್ಲಿ 18 ಅಡಿ ಮೊದಲೇ ಬಿದ್ದು, ನಿಧಾನವಾಗಿ ಎದ್ದು, "ಬಾ, ಹೊಡಿ" ಎನ್ನುತ್ತಿತ್ತು. ಬೌಲಿಂಗ್ ಬರದೆ ಅಲ್ಲ, ಅಳತೆ ಬದಲಾಗಿತ್ತು ಅಷ್ಟೆ.

"ಹಾಗಾದರೆ ನನ್ನ ಸಿಕ್ಸರ್?" ಎಂದು ತಮ್ಮ ಕೇಳಿದ. "ಅದೂ ನಿಜವೇ ಕಣೋ. ಆದರೆ ಕೆರೆಯಂಗಳದಲ್ಲಿ ಅದು ಕ್ಯಾಚು" ಎಂದೆ.

ಆಮೇಲೆ ದಿನವೂ ಬೆಳಗ್ಗೆ 6ಕ್ಕೆ ನಾವು ಮೂವರೂ ಮೈದಾನಕ್ಕೆ ಹೋಗಿ 66 ಅಡಿ ಅಳೆದೆವು. ಮೊದಲ ವಾರ ಅವಳ ಭುಜ ನೋಯಿತು. ಎರಡನೇ ವಾರ ಚೆಂಡು ಸರಿಯಾದ ಜಾಗ ಹುಡುಕಿಕೊಂಡಿತು.

ಜೂನ್‌ನಲ್ಲಿ ಆಯ್ಕೆಗೆ ಹೋದಳು. ತಂಡದ ಪಟ್ಟಿಯಲ್ಲಿ ಹೆಸರು ಬಂದದ್ದು 13ನೆಯದಾಗಿ. ಆಡುವ 11ರಲ್ಲಿ ಇನ್ನೂ ಇಲ್ಲ. ಅವಳಿಗೆ ಅದರ ಚಿಂತೆಯಿಲ್ಲ. ಈಗ ಯಾವ ಊರಿಗೆ ಹೋದರೂ ಚೆಂಡು ಕೈಗೆತ್ತಿಕೊಳ್ಳುವ ಮೊದಲು ವಿಕೆಟ್ಟಿನಿಂದ ವಿಕೆಟ್ಟಿಗೆ ಹೆಜ್ಜೆ ಹಾಕಿ ಎಣಿಸುತ್ತಾಳೆ. ಯಾರಾದರೂ ನಕ್ಕರೆ, ಅವಳ ತಮ್ಮನೇ ಮುಂದೆ ಬಂದು, "ಸುಮ್ಮನಿರ್ರೋ, ಅಳೀಲಿ" ಎನ್ನುತ್ತಾನೆ.