ವಡೋದರಾಕ್ಕೆ ಬರುವ ಮೊದಲು

"ವಡೋದರಾದಲ್ಲಿ ನೌಕರಿ ಸಿಕ್ಕಿದೆ, ಬರುವ ಮೊದಲು ಏನೇನು ತಿಳಿದಿರಬೇಕು?" ಎಂದು ಊರ ಕಡೆಯವರು ನಮ್ಮನ್ನು ಕೇಳುವುದುಂಟು. ಮೊದಮೊದಲು ನಾವು ಬಾಡಿಗೆ ಎಷ್ಟು, ಬಿಸಿಲು ಎಷ್ಟು, ಹುಬ್ಬಳ್ಳಿಗೆ ಗಾಡಿ ಯಾವುದು ಎಂದು ಹೇಳಿ ಮುಗಿಸುತ್ತಿದ್ದೆವು. ಈಗ ನಾವೇ ತಿರುಗಿ ಒಂದು ಪ್ರಶ್ನೆ ಹಾಕುತ್ತೇವೆ: "ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ?" ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದಕ್ಕೇ ಈ ನಾಲ್ಕು ಮಾತು.

ನಾವು ಧಾರವಾಡ ಬಿಟ್ಟು ಇಲ್ಲಿಗೆ ಬಂದದ್ದು 2011ರ ಜೂನಿನಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಜೊತೆಗೆ ಐದು ವರ್ಷದ ಮಗ, ಅರವತ್ತು ದಾಟಿದ ಅವ್ವ. ಮನೆ ಹುಡುಕಲು ಹೊರಟರೆ ಬಾಡಿಗೆಯ ಮಾತಿಗೂ ಮೊದಲು ಊಟದ ಮಾತು ಬರುತ್ತಿತ್ತು: ವೆಜ್ಜೋ, ನಾನ್‌ವೆಜ್ಜೋ? ಅದರ ಹಿಂದೆಯೇ ಅಡ್ಡಹೆಸರಿನ ವಿಚಾರಣೆ. ನಾವು ಶಾಕಾಹಾರಿಗಳು, ಎರಡೇ ದಿನದಲ್ಲಿ ಮನೆ ಸಿಕ್ಕಿತು. ನಮ್ಮ ಜೊತೆಗೇ ಬಂದ, ಮೀನು ತಿನ್ನುವ ಕಾರವಾರದ ಮಿತ್ರರಿಗೆ ಎರಡು ತಿಂಗಳು ಹಿಡಿಯಿತು. ಆಗ ನಮ್ಮ ಪುಣ್ಯ ಎಂದುಕೊಂಡೆವು. ಆಮೇಲೆ ಈ ಊರಿನ ಹಳೆಯ ಸಂಗತಿಯೊಂದು ತಿಳಿದು ಆ ಹೆಮ್ಮೆ ಇಳಿಯಿತು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದಲೇ ಅಮೆರಿಕೆಯಲ್ಲಿ ಓದಿದ ಅಂಬೇಡ್ಕರರು 1917ರಲ್ಲಿ ಸಂಸ್ಥಾನದ ಸೇವೆಗೆಂದು ಇಲ್ಲಿಗೆ ಬಂದಾಗ, ಅವರಿಗೆ ಇರಲು ಒಂದು ಮನೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಲಾಠಿ ಹಿಡಿದು ಬಂದವರು ಅಲ್ಲಿಂದಲೂ ಹೊರಡಿಸಿದರು. ರಾತ್ರಿಯ ಗಾಡಿಯವರೆಗೆ ಅವರು ಕಾಲ ಕಳೆದದ್ದು ಕಮಾಟಿ ಬಾಗಿನಲ್ಲಿ. ಭಾನುವಾರ ನಾವು ಮಗನನ್ನು ಆಟಕ್ಕೆ ಕರೆದೊಯ್ಯುತ್ತಿದ್ದ ಸಯಾಜಿ ಬಾಗ್ ಅದೇ ತೋಟ. ಬರುವವರು ಮನೆಗಾಗಿ ಎರಡು ತಿಂಗಳ ಅವಕಾಶ ಇಟ್ಟುಕೊಳ್ಳಿ. ನಾಳೆ ನೀವೇ ಇಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವಂತಾದರೆ, ಆ ಪ್ರಶ್ನೆಯನ್ನು ನೀವು ಕೇಳಬೇಡಿ.

ಮನೆಯೇನೋ ಸಿಕ್ಕಿತು. ನಾವು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ, ಮಗ ಶಾಲೆಗೆ. ಅವ್ವ ನಾಲ್ಕು ಗೋಡೆಯ ನಡುವೆ. ತಮಾಷೆಗೆಂದು ಅವಳಿಗೆ ಎರಡು ಮಾತು ಕಲಿಸಿದ್ದೆವು. ಯಾರಾದರೂ "ಕೇಮ್ ಛೋ?" ಎಂದರೆ "ಮಜಾಮಾ" ಅನ್ನಬೇಕು, ಅಂದರೆ ಚೆನ್ನಾಗಿದ್ದೇನೆ. ಒಂದು ಮಧ್ಯಾಹ್ನ ಅವ್ವನಿಗೆ ತಲೆ ತಿರುಗಿ ವಾಂತಿಯಾಯಿತು. ಅಷ್ಟರಲ್ಲಿ ಎದುರು ಮನೆಯ ಬೆನ್ ಯಾವುದೋ ಕೆಲಸಕ್ಕೆ ಬಾಗಿಲು ತಟ್ಟಿ, "ಕೇಮ್ ಛೋ, ಮಾಸಿ?" ಎಂದರು. ಅವ್ವ ಬಾಗಿಲು ಹಿಡಿದುಕೊಂಡು "ಮಜಾಮಾ" ಎಂದಳು. ಬೆನ್ ನಕ್ಕು ಹೋದರು. ಸಂಜೆ ನಾವು ಬಂದು ನೋಡಿದರೆ ಅವ್ವ ಬರಿ ನೆಲದ ಮೇಲೆ ಮಲಗಿದ್ದಳು. "ನನಗ ಅದೊಂದ ಮಾತು ಬರತಿತ್ತಲ್ಲೋ" ಎಂದಳು. ಬೈದಿದ್ದರೂ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ವಿಷಯ ತಿಳಿದು ಬೆನ್ ಕಣ್ಣೀರು ಹಾಕಿದರು. ಅಂದಿನಿಂದ ದಿನಾ ಮಧ್ಯಾಹ್ನ ಬಂದು ಕೂತು ಅವ್ವನಿಗೆ ಪಾಠ ಶುರು ಮಾಡಿದರು. ಮೊದಲ ಪಾಠ "ಮನೆ ಠೀಕ್ ನಥೀ", ನನಗೆ ಹುಷಾರಿಲ್ಲ. ಗುಜರಾತಿಯಲ್ಲಿ "ಮನೆ" ಎಂದರೆ "ನನಗೆ" ಎಂದು ತಿಳಿದು ಅವ್ವನಿಗೆ ನಗುವೋ ನಗು. ಮನೆ ಬಿಟ್ಟು ಹೊರಡುವವರಿಗೆ ಇಲ್ಲಿಯವರು "ಆವಜೋ" ಅನ್ನುತ್ತಾರೆ, ಬನ್ನಿ ಎಂದು. "ನಮ್ಮಾಂಗ ಇವರೂ ಹೋಗು ಅನ್ನಂಗಿಲ್ಲ" ಎಂದು ಅವಳಿಗೆ ಸಮಾಧಾನ. ಜೋಳಕ್ಕೆ ಇಲ್ಲಿ ಜುವಾರ್, ರೊಟ್ಟಿಗೆ ರೋಟಲೋ, ಹಿಟ್ಟಿಗಂತೂ ಕೊರತೆಯಿಲ್ಲ. ಬೇಳೆಗೆ ಬೆಲ್ಲ ಹಾಕುವುದನ್ನು ಮಾತ್ರ ಅವಳು ಇಂದಿಗೂ ಕ್ಷಮಿಸಿಲ್ಲ. ತಿಂಗಳುಗಳೂ ನಮ್ಮವೇ, ಅಮಾವಾಸ್ಯೆಗೆ ಮುಗಿಯುತ್ತವೆ; ಶ್ರಾವಣ ಇಬ್ಬರಿಗೂ ಒಂದೇ ದಿನ. ಹೊಸ ವರ್ಷ ಮಾತ್ರ ಯುಗಾದಿಗಲ್ಲ, ದೀಪಾವಳಿಯ ಮರುದಿನ. ಆಮೇಲೆ ಎಷ್ಟೋ ಅಂಗಡಿಗಳು ಲಾಭ ಪಂಚಮಿಯವರೆಗೆ ತೆರೆಯುವುದಿಲ್ಲ, ಸಾಮಾನು ಮೊದಲೇ ತಂದಿಟ್ಟುಕೊಳ್ಳಿ.

ಮಕ್ಕಳ ವಿಷಯ ಬೇರೆ. ಅವರು ಓಣಿಯಲ್ಲೇ ಆರು ತಿಂಗಳಲ್ಲಿ ಭಾಷೆ ಕಲಿಯುತ್ತಾರೆ. 2023ರ ಕಾಯಿದೆಯಂತೆ ಒಂದರಿಂದ ಎಂಟನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ಗುಜರಾತಿ ಕಡ್ಡಾಯ. ಇದಕ್ಕೆ ಹೆದರಬೇಡಿ, ಹೆದರಬೇಕಾದದ್ದು ಕನ್ನಡದ ಬಗ್ಗೆ, ಅದಕ್ಕೆ ಇಲ್ಲಿ ಮನೆಯೇ ಶಾಲೆ. ಭೈರಪ್ಪನವರು 1960ರ ದಶಕದಲ್ಲಿ ಇಲ್ಲಿಗೆ ಸಮೀಪದ ವಲ್ಲಭ ವಿದ್ಯಾನಗರದಲ್ಲಿ ಪಾಠ ಹೇಳುತ್ತ, ಈ ಊರಿನ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆಯುತ್ತ, ಕನ್ನಡದಲ್ಲಿ ಬರೆಯುತ್ತಲೇ ಇದ್ದರು. ನಮ್ಮ ಮಗ ಅಷ್ಟು ದೂರ ಹೋಗದಿದ್ದರೂ, ಅವ್ವ ಕೂಡಿಸಿಕೊಂಡು ತಿದ್ದಿಸಿದ್ದರಿಂದ ಈ ಪತ್ರಿಕೆಯನ್ನು ತಾನೇ ಓದುತ್ತಾನೆ.

ಇನ್ನೊಂದು ಮಾತು. ಮನೆ ನೋಡುವಾಗ ಗೋಡೆಯ ಬಣ್ಣ ನೋಡಬೇಡಿ, "2024ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಪಕ್ಕದವರನ್ನು ಕೇಳಿ. ಆ ಆಗಸ್ಟಿನ ಕೊನೆಯ ವಾರ ವಿಶ್ವಾಮಿತ್ರಿ ನದಿ 35 ಅಡಿಗೂ ಮೇಲೇರಿತು. ಆ ಹೊಳೆಯಲ್ಲಿ ಮೊಸಳೆಗಳಿವೆ. ನೀರಿನ ಜೊತೆ ಅವೂ ಬೀದಿಗೆ ಬಂದವು. ನಮ್ಮದು ಎರಡನೆಯ ಮಹಡಿ. ಕೆಳಗಿನ ಮನೆಗಳಿಗೆ ನೀರು ನುಗ್ಗಿದಾಗ, ಮೆಟ್ಟಿಲ ಮೇಲೆ ನಿಂತು "ಉಪರ್ ಆವೋ, ಉಪರ್ ಆವೋ" ಎಂದು ಎಲ್ಲರನ್ನೂ ಹೆಸರು ಹಿಡಿದು ಕರೆದವಳು ಅವ್ವ. ಹದಿಮೂರು ವರ್ಷ ಇಲ್ಲಿ ದುಡಿದ ನಮಗೆ ಆ ಮನೆಗಳ ಅರ್ಧ ಹೆಸರೂ ಗೊತ್ತಿರಲಿಲ್ಲ. ಎರಡು ದಿನ ಕರೆಂಟಿಲ್ಲ; ಹನ್ನೊಂದು ಜನ ನಮ್ಮ ಮನೆಯಲ್ಲಿ ಅವ್ವನ ರೊಟ್ಟಿ ತಿಂದರು. ಅವರಲ್ಲಿ, ನಾವು ಬಂದ ಹೊಸದರಲ್ಲಿ ನಮ್ಮ ಅಡ್ಡಹೆಸರು ವಿಚಾರಿಸಿದ್ದ ಹಿರಿಯರೂ ಒಬ್ಬರಿದ್ದರು.

ಆದ್ದರಿಂದ, ಬರುವವರು ಧಾರಾಳವಾಗಿ ಬನ್ನಿ. ನೌಕರಿ ಇರುವವನಿಗೆ ಆಫೀಸು ದಾರಿ ತೋರಿಸುತ್ತದೆ. ಮನೆಯಲ್ಲಿ ಉಳಿಯುವವರಿಗೆ ಹೊರಡುವ ಮೊದಲೇ ಹತ್ತು ಮಾತು ಕಲಿಸಿ. ಮೊದಲಿನದು "ಚೆನ್ನಾಗಿದ್ದೇನೆ" ಎಂಬುದಾಗಿರದಿರಲಿ.