ಹ್ಯಾಂಡಲಿನ ಬೋಲ್ಟು

ನಮ್ಮ ಮನೆಗೂ ನಾವು ಪಾಠ ಹೇಳುವ ಕನ್ನಡ ಶಾಲೆಗೂ ನಡುವೆ ಅಕ್ಕಲಕೋಟೆ ತಾಲೂಕಿನ ಎರೆಹೊಲಗಳ ಏಳು ಕಿಲೋಮೀಟರು ದಾರಿಯುಂಟು. ಜೊತೆಯ ಶಿಕ್ಷಕರೆಲ್ಲ ಮೋಟಾರ್ ಸೈಕಲ್ಲುಗಳ ಮೇಲೆ ನಮ್ಮನ್ನು ದಾಟಿ ಹೋಗುವಾಗ, ನಾವು ಮಾತ್ರ ನಮ್ಮ ತೀರ್ಥರೂಪರು 1989ರಲ್ಲಿ ಕೊಂಡ ಕರಿಯ ಸೈಕಲ್ಲನ್ನೇ ತುಳಿಯುತ್ತ ಬಂದವರು. ಅವರೂ ಶಿಕ್ಷಕರಾಗಿದ್ದರು. ಅವರು ಹಿಡಿದು ನುಣುಪುಗೊಳಿಸಿದ ಹಿಡಿಕೆಗಳನ್ನು ಹಿಡಿಯುವುದರಲ್ಲಿ ನಮಗೊಂದು ಅಭಿಮಾನವಿತ್ತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಚೈನಿಗೆ ಎಣ್ಣೆ ಬಿಡುತ್ತಿದ್ದೆವು. ಟಯರು ಸವೆದಾಗ ಬದಲಿಸುತ್ತಿದ್ದೆವು. ಬ್ರೇಕಿನ ರಬ್ಬರನ್ನು ತಪ್ಪದೆ ಹಾಕಿಸುತ್ತಿದ್ದೆವು. ಆದರೆ ಹ್ಯಾಂಡಲಿನ ನಡುನೆತ್ತಿಯಲ್ಲಿ, ನಮ್ಮ ಎದೆಗೆ ಎದುರಾಗಿಯೇ ಕುಳಿತಿದ್ದ ಬೋಲ್ಟಿನ ಯೋಗಕ್ಷೇಮವನ್ನು ಒಂದು ದಿನವೂ ವಿಚಾರಿಸಿದವರಲ್ಲ.

ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿಯ ಮನೆ ನಮ್ಮ ದಾರಿಯಲ್ಲಿಯೇ ಇರುವುದರಿಂದ, ಸಂಜೆ ಆಕೆಯನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂಡ್ರಿಸಿಕೊಂಡು ಹೋಗುವುದು ವಾಡಿಕೆಯಾಗಿತ್ತು. ಕಳೆದ ವರ್ಷದ ಶ್ರಾವಣದಲ್ಲಿ ಹ್ಯಾಂಡಲಿನ ಬುಡದಿಂದ ಕಟಕಟ ಸದ್ದು ಕೇಳಿಬರತೊಡಗಿತು. “ಗುರೂಜಿ, ಸೈಕಲ್ ಕಟಕಟ ಅನ್ನಾಕತ್ತದರೀ” ಎಂದು ಹಿಂದಿನಿಂದ ಆಕೆಯೇ ಎಚ್ಚರಿಸಿದಳು. “ಮುದುಕಾಗೇದವ್ವಾ, ನರಳತದ” ಎಂದು ನಾವು ನಕ್ಕುಬಿಟ್ಟೆವು.

ಅದಾದ ಎಂಟನೆಯ ದಿನ ಹಳ್ಳದ ಸೇತುವೆಗೆ ಇಳಿಯುವ ತಿರುವಿನಲ್ಲಿ ನಾವು ಹ್ಯಾಂಡಲನ್ನು ಎಡಕ್ಕೆ ಹೊರಳಿಸಿದೆವು. ಹ್ಯಾಂಡಲು ಹೊರಳಿತು, ಗಾಲಿ ಹೊರಳಲಿಲ್ಲ. ಸೈಕಲ್ಲು ನೆಟ್ಟಗೆ ಹೋಗಿ ಸೇತುವೆಯ ಕಟ್ಟೆಗೆ ಬಡಿಯಿತು. ನಮಗೆ ಮೊಣಕಾಲು ತರಚಿದ್ದಷ್ಟೆ. ಹುಡುಗಿಯ ಬಲ ಮುಂಗೈಯ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಆಕೆಯ ತಾಯಿ ನಮ್ಮನ್ನು ಬಯ್ಯಲಿಲ್ಲ. “ಗುರುಗಳ ಹಿಂದ ಕೂತಾಳಂದ್ರ ನಮಗ ಕಾಳಜೀನ ಇರಲಿಲ್ರೀ” ಎಂದಷ್ಟೇ ಅಂದರು. ಬಯ್ದಿದ್ದರೆ ಆ ರಾತ್ರಿ ನಿದ್ರೆ ಬಂದೀತೇನೊ.

ಮರುದಿನ ಸೈಕಲ್ಲನ್ನು ಹೊತ್ತುಕೊಂಡು ದುರಸ್ತಿ ಅಂಗಡಿಯ ಕಾಕಾ ಅವರಲ್ಲಿಗೆ ಹೋದೆವು. ಅವರು ಪಾನಾ ಹಚ್ಚಿ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಬೋಲ್ಟಿನ ಮೇಲಿನ ತುಂಡು ಕೈಗೆ ಬಂದಿತು. ಅದನ್ನು ಅರಿವೆಯಿಂದ ಒರಸಿ, ಮುರಿದ ತುದಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮುಕ್ಕಾಲು ಭಾಗ ತುಕ್ಕಿನಿಂದ ಕಪ್ಪಿಟ್ಟು ನುಣ್ಣಗಾಗಿತ್ತು. ಉಳಿದ ಕಾಲುಭಾಗ ಹರಳು ಹರಳಾಗಿ ಹೊಳೆಯುತ್ತಿತ್ತು. “ಗುರೂಜಿ, ಇದು ನಿನ್ನೆ ಮುರದದ್ದಲ್ರೀ. ಭಾಳ ದಿನದಿಂದ ಮುರಕೋತ ಬಂದದ. ನಿನ್ನೆ ಬಿಟ್ಟುಕೊಟ್ಟಿತು, ಅಷ್ಟ” ಎಂದರು.

ಈ ಬೋಲ್ಟಿನ ಕೆಲಸವೇನೆಂಬುದನ್ನು ನಾವು ತಿಳಿದುಕೊಂಡದ್ದು ಅಂದೇ. ಹ್ಯಾಂಡಲಿನ ಬುಡದಿಂದ ಒಂದು ಕೊಳವೆ ಕೆಳಗಿಳಿದು, ಮುಂಗಾಲಿಯನ್ನು ಹಿಡಿದಿರುವ ಫೋರ್ಕಿನ ಕೊಳವೆಯೊಳಗೆ ಸೇರುತ್ತದೆ. ಇದಕ್ಕೆ ಅಂಗಡಿಯವರು ಸ್ಟೆಮ್ ಎನ್ನುವರು. ಫೋರ್ಕಿನ ಕೊಳವೆಯ ಹೊರವ್ಯಾಸ ಸಾಮಾನ್ಯವಾಗಿ 25.4 ಮಿ.ಮೀ., ಸ್ಟೆಮ್ಮಿನದು 22.2 ಮಿ.ಮೀ. ಇವೆರಡನ್ನೂ ಹೊರಗಿನಿಂದ ಬಿಗಿಯುವ ಪಟ್ಟಿಯಾಗಲಿ ಬೆಸುಗೆಯಾಗಲಿ ಇಲ್ಲ. ಉದ್ದನೆಯ ಬೋಲ್ಟೊಂದು ಸ್ಟೆಮ್ಮಿನೊಳಗೆ ಮೇಲಿನಿಂದ ಕೆಳತುದಿಯವರೆಗೆ ಇಳಿದು, ಅಲ್ಲಿ ಶಂಕುವಿನಾಕಾರದ ನಟ್ಟನ್ನು ಹಿಡಿದಿರುತ್ತದೆ. ಬೋಲ್ಟನ್ನು ತಿರುಗಿಸಿದಂತೆ ಆ ಶಂಕು ಮೇಲೇರಿ, ಸೀಳಿರುವ ಸ್ಟೆಮ್ಮಿನ ತುದಿಯನ್ನು ಅಗಲಿಸಿ, ಫೋರ್ಕಿನ ಒಳಗೋಡೆಗೆ ಒತ್ತುತ್ತದೆ. ಕೈಯ ಇಚ್ಛೆಯನ್ನು ಗಾಲಿಗೆ ಮುಟ್ಟಿಸುವುದು ಈ ಒತ್ತಡವೊಂದೇ.

ಹೀಗಿರುವಲ್ಲಿ, ಆದಷ್ಟು ಬಿಗಿದುಬಿಟ್ಟರಾಯಿತೆಂದು ಓದುಗರು ಭಾವಿಸಬಹುದು. ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ಅತಿಯಾಗಿ ಬಿಗಿದರೆ ಫೋರ್ಕಿನ ಕೊಳವೆಯೇ ಉಬ್ಬೀತು, ತಿರುಪಿನ ಸುತ್ತುಗಳು ಹರಿದಾವು. ಸಡಿಲ ಬಿಟ್ಟರೆ ಇನ್ನೊಂದು ಬಗೆಯ ಕೇಡು: ಸಾಕಷ್ಟು ಬಿಗಿಯಾಗಿರುವ ಬೋಲ್ಟು ದಾರಿಯ ಕುಲುಕಾಟದ ಏರಿಳಿತವನ್ನು ಅಷ್ಟಾಗಿ ಅನುಭವಿಸುವುದಿಲ್ಲ, ಸಡಿಲಾದದ್ದು ಪ್ರತಿಯೊಂದು ಕುಳಿಗೂ ಎಳೆಯಿಸಿಕೊಂಡು, ಬಿಡಿಸಿಕೊಂಡು, ಮತ್ತೆ ಎಳೆಯಿಸಿಕೊಳ್ಳುತ್ತದೆ. ತಿರುಪಿನ ಯಾವುದಾದರೊಂದು ಸುತ್ತಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ದಿನದಿನಕ್ಕೆ ಒಳಕ್ಕೆ ಸರಿಯುತ್ತದೆ. ನಾವು ಕೇಳಿ ನಕ್ಕ ಕಟಕಟ ಸದ್ದು ಹಿಡಿತ ಸಡಿಲಾದುದರ ಸೂಚನೆಯೇ ಆಗಿತ್ತು.

ಲೋಹದ ಈ ದಣಿವು ಸೈಕಲ್ಲಿಗಷ್ಟೇ ಬಂದದ್ದಲ್ಲ. 1842ರ ಮೇ 8ರಂದು ಫ್ರಾನ್ಸಿನ ವರ್ಸಾಯ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ಎಂಜಿನಿಯರು ಆಗಸ್ಟ್ ವ್ಯೋಲರ್ ಅವರು 1850 ಮತ್ತು 1860ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ, ಒಮ್ಮೆಗೆ ಮುರಿಯಲಾರದಷ್ಟು ಹಗುರವಾದ ಭಾರವೂ ಮತ್ತೆ ಮತ್ತೆ ಬಿದ್ದರೆ ಉಕ್ಕನ್ನು ಮುರಿಯಬಲ್ಲದೆಂದು ತೋರಿಸಿಕೊಟ್ಟರು. ನಮ್ಮ ಬೋಲ್ಟು ಮೂವತ್ತಕ್ಕೂ ಹೆಚ್ಚು ವರ್ಷ ಇಬ್ಬರು ಶಿಕ್ಷಕರನ್ನು ಹೊತ್ತಿತ್ತು. ಇಷ್ಟು ವರ್ಷ ಮುರಿಯಲಿಲ್ಲವೆಂಬುದನ್ನೇ ಅದು ಇನ್ನು ಮುರಿಯದೆಂಬುದಕ್ಕೆ ಆಧಾರವೆಂದು ನಾವು ನಂಬಿದ್ದೆವು. ಈ ತರ್ಕವನ್ನು ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಖಂಡಿತವಾಗಿಯೂ ಗುಣ ಕೊಡುತ್ತಿರಲಿಲ್ಲ.

ಮುರಿದ ತುಂಡನ್ನು ಕಾಕಾ ಅವರಿಂದ ಕೇಳಿ ಪಡೆದು, ಖಡುವಿನ ಡಬ್ಬಿಯಲ್ಲಿರಿಸಿಕೊಂಡು ಶಾಲೆಗೆ ಒಯ್ದೆವು. ದೊಡ್ಡ ಮಕ್ಕಳಿಗೆ ಅದನ್ನು ತೋರಿಸಿ, ತಪ್ಪು ನಮ್ಮದೇ ಎಂಬುದನ್ನೂ ಮುಚ್ಚಿಡದೆ ಹೇಳಿದೆವು. ಅಂದಿನಿಂದ ಪ್ರತಿ ಶನಿವಾರ ಮಕ್ಕಳು ತಮ್ಮ ಸೈಕಲ್ಲುಗಳನ್ನು ಬೇವಿನ ಮರದಡಿ ಸಾಲಾಗಿ ನಿಲ್ಲಿಸುತ್ತಾರೆ. ಮುಂಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುವಿ ನೋಡುವುದು ಪರೀಕ್ಷೆ. ಅಲುಗಿದರೆ ಬಿಗಿಯಬೇಕು, ಬಿಗಿದರೂ ಅಲುಗಿದರೆ ಬೋಲ್ಟನ್ನು ಹೊರತೆಗೆದು ನೋಡಬೇಕು. ವರ್ಷಕ್ಕೊಮ್ಮೆಯಾದರೂ ತೆಗೆದು, ತುಕ್ಕು ಒರಸಿ, ಗ್ರೀಸು ಹಚ್ಚಿ ಕೂಡ್ರಿಸಬೇಕು.

ಬೆಳೆಯುವ ಹುಡುಗರು ಹ್ಯಾಂಡಲನ್ನು ಎತ್ತರಿಸಿಕೊಳ್ಳುವುದುಂಟು. ಸ್ಟೆಮ್ಮಿನ ಮೇಲಿನ ಗೆರೆ ಹೊರಗೆ ಕಾಣುವಷ್ಟು ಎತ್ತಲಾಗದು. ತುದಿಯಿಂದ ಆ ಗೆರೆಗೆ ಇರಬೇಕಾದ ಅಂತರ ವ್ಯಾಸದ ಎರಡೂವರೆ ಪಟ್ಟಿಗೆ ಕಡಿಮೆಯಿಲ್ಲದಷ್ಟು. 22.2ನ್ನು 2.5ರಿಂದ ಗುಣಿಸಿದರೆ 55.5 ಮಿ.ಮೀ. ಎಂದು ಐದನೆಯ ಇಯತ್ತೆಯವರು ಲೆಕ್ಕ ಮಾಡಿ ಹೇಳಿದರು; ದಶಾಂಶದ ಗುಣಾಕಾರವನ್ನು ಅವರು ಇಷ್ಟು ಆಸಕ್ತಿಯಿಂದ ಮಾಡಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ. ಸೊಲ್ಲಾಪುರದಿಂದ ಹೊಸ ಬಗೆಯ ಸೈಕಲ್ಲು ತಂದವನೊಬ್ಬ, ತನ್ನದರ ನೆತ್ತಿಯ ಬೋಲ್ಟು ಬಿಗಿಯಾಗಿದೆಯೆಂದು ಹೆಮ್ಮೆಪಟ್ಟ. ಆ ಜಾತಿಯ ಸೈಕಲ್ಲಿನಲ್ಲಿ ನೆತ್ತಿಯ ಬೋಲ್ಟು ಬೇರಿಂಗಿನ ಸಡಿಲನ್ನು ತೆಗೆಯುವುದಕ್ಕೆ ಮಾತ್ರ; ಸ್ಟೆಮ್ಮನ್ನು ಫೋರ್ಕಿಗೆ ಹಿಡಿದಿಡುವವು ಪಕ್ಕದ ಎರಡು ಬೋಲ್ಟುಗಳು. ನೋಡಿದರೆ, ಅವುಗಳಲ್ಲೊಂದು ಬೆರಳಿಗೇ ತಿರುಗಿತು.

ಹುಡುಗಿಯ ಕೈಯ ಪ್ಲಾಸ್ಟರು ಆರು ವಾರಗಳ ನಂತರ ಬಿಚ್ಚಿತು. ಇನ್ನು ನಮ್ಮ ಸೈಕಲ್ಲನ್ನು ಆಕೆ ಹತ್ತಲಾರಳೆಂದೇ ತಿಳಿದಿದ್ದೆವು. ಒಂದು ಸಂಜೆ ಆಕೆ ತಾನಾಗಿ ಬಂದು, ಪಾಟೀಚೀಲವನ್ನು ನಮ್ಮ ಕೈಗೆ ಕೊಟ್ಟು, ಮುಂಗಾಲಿಯನ್ನು ತನ್ನ ಸಣ್ಣ ಮೊಣಕಾಲುಗಳ ನಡುವೆ ಹಿಡಿದು, ಇದ್ದಷ್ಟು ಶಕ್ತಿಯಿಂದ ಹ್ಯಾಂಡಲನ್ನು ತಿರುವಿ ನೋಡಿದಳು. ಅದು ಅಲುಗಲಿಲ್ಲ. “ನಡೀರಿ ಗುರೂಜಿ” ಎಂದು ಕ್ಯಾರಿಯರು ಹತ್ತಿದಳು. ಈಗ ದಿನವೂ ಹೀಗೆಯೇ ನಡೆದಿದೆ. ಆಕೆಯ ಪರೀಕ್ಷೆ ಮುಗಿಯುವವರೆಗೆ ನಾವು ಪಾಟೀಚೀಲ ಹಿಡಿದು ಸುಮ್ಮನೆ ನಿಂತಿರುತ್ತೇವೆ.